ಐಟಿ ಬಿಟ್ಟು ಕ್ಯಾಂಪಸ್ ಸೇವೆಗೆ: ತಂಗಿಯ ನಿರ್ಧಾರ, ಮನೆಯ ಲೆಕ್ಕ

ಚೆನ್ನೈನ ಐಟಿ ಕಂಪನಿಗಳಲ್ಲಿ ಯಾರಾದರೂ ಕೆಲಸ ಬಿಟ್ಟರೆ ಅದು ಸುದ್ದಿಯೇ ಅಲ್ಲ. ಸಂಬಳ ಏರಿಕೆಯ ಪತ್ರ ಕೈಗೆ ಬಂದ ವಾರದಲ್ಲೇ ನಮ್ಮ ಟೀಮಿನಿಂದ ಇಬ್ಬರೋ ಮೂವರೋ ಹೊರಡುತ್ತಾರೆ. ಎಲ್ಲಿಗೆ ಎಂದರೆ ಉತ್ತರವೂ ಗೊತ್ತಿರುವುದೇ: ಇನ್ನೊಂದು ಕಂಪನಿ, ಬೆಂಗಳೂರು, ಎಂಬಿಎ, ಇಲ್ಲವೇ ಕೆನಡಾ. ಹೋದ ವರ್ಷ ಇದೇ ಊರಿನಲ್ಲಿ ಟೆಸ್ಟಿಂಗ್ ಎಂಜಿನಿಯರ್ ಆಗಿದ್ದ ನನ್ನ ತಂಗಿ ರಾಜೀನಾಮೆ ಕೊಡುತ್ತೇನೆ ಎಂದಾಗ ನಾನೂ ಇವುಗಳಲ್ಲೇ ಒಂದನ್ನು ಊಹಿಸಿದ್ದೆ. ಅವಳು ಹೇಳಿದ್ದು ಬೇರೆ. “ಅಣ್ಣಾ, ಕಾಲೇಜ್ ಹುಡುಗರ ನಡುವ ಪೂರ್ತಿ ಹೊತ್ತು ಸೇವಾ ಮಾಡ್ಬೇಕಂತ ಮಾಡೀನಿ. ಸ್ಟಾಫ್ ವರ್ಕರ್ ಆಗಿ.”

ನಮ್ಮದು ಧಾರವಾಡದ ಹಳೆಯ ಕ್ರೈಸ್ತ ಮನೆತನ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮೂರು ವರ್ಷದಲ್ಲಿ ಧಾರವಾಡಕ್ಕೂ ಬಂದರು. ಕನ್ನಡ ನಿಘಂಟಿನ ಕಿಟೆಲ್ ಓಡಾಡಿದ ಊರು ಎಂಬ ಹೆಮ್ಮೆ ನಮ್ಮ ಮನೆಯಲ್ಲಿ ಸ್ವಲ್ಪ ಜಾಸ್ತಿಯೇ ಇದೆ. ಅಜ್ಜ ಮಾಸ್ತರರು, ಅಪ್ಪ ಬ್ಯಾಂಕಿನಲ್ಲಿ ಕಾರಕೂನರಾಗಿ ನಿವೃತ್ತರಾದವರು. ಚರ್ಚು, ಪಾದ್ರಿ, ಸಂಡೇ ಸ್ಕೂಲು ಎಲ್ಲ ಗೊತ್ತು. ಆದರೆ ಈ ಸ್ಟಾಫ್ ವರ್ಕರ್ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅವ್ವ ಫೋನಿನಲ್ಲಿ ನೇರವಾಗಿ ಕೇಳಿದಳು: “ಪಾದ್ರಿ ಆಗ್ತೀನಿ ಅಂದಿದ್ರ ತಿಳೀತಿತ್ತು. ಇದೇನವ್ವಾ, ಚರ್ಚೂ ಇಲ್ಲ, ಪಗಾರಾನೂ ಇಲ್ಲ?” ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಪಿಎಫ್ ಐತೇನು?”

ಹಾಗಾಗಿ ಮೊದಲು ನಾನೇ ಈ ಕೆಲಸ ಏನೆಂದು ತಿಳಿಯಬೇಕಾಯಿತು. ಇದೇನೂ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಕೇಂಬ್ರಿಜ್ ವಿದ್ಯಾರ್ಥಿಗಳು ತಮ್ಮದೇ ಕ್ರೈಸ್ತ ಕೂಟ ಕಟ್ಟಿಕೊಂಡದ್ದು 1877ರಲ್ಲಿ. 1895ರಲ್ಲಿ ಸ್ವೀಡನ್ನಿನಲ್ಲಿ ಹಲವು ದೇಶಗಳ ವಿದ್ಯಾರ್ಥಿ ಚಳವಳಿಗಳು ಸೇರಿ ಜಾಗತಿಕ ಒಕ್ಕೂಟವಾಯಿತು. ಅದರ ಹಿಂದಿದ್ದ ಅಮೆರಿಕದ ಜಾನ್ ಮಾಟ್ ಅವರಿಗೆ 1946ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಭಾರತದ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಶುರುವಾದದ್ದು 1912ರಲ್ಲಿ, ಕೆಥೊಲಿಕ್ ವಿದ್ಯಾರ್ಥಿಗಳ ಅಖಿಲ ಭಾರತ ಒಕ್ಕೂಟ 1924ರಲ್ಲಿ. ಸ್ವಾತಂತ್ರ್ಯದ ನಂತರ, 1954ರಲ್ಲಿ, ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ ಹುಟ್ಟಿತು. ಅದರ ಕೇಂದ್ರ ಕಚೇರಿ ಚೆನ್ನೈಯಲ್ಲೇ ಇದೆ.

ಇವೆಲ್ಲ ಒಂದೇ ಬಣ್ಣದವಲ್ಲ. ಕೆಲವರಿಗೆ ಬೈಬಲ್ ಅಧ್ಯಯನ, ವೈಯಕ್ತಿಕ ನಂಬಿಕೆ ಮುಖ್ಯ. ಇನ್ನು ಕೆಲವರಿಗೆ ಜಾತಿ, ಬಡತನ, ನ್ಯಾಯದ ಪ್ರಶ್ನೆಗಳು ಮುಂದೆ ಬರುತ್ತವೆ. ಈ ಎರಡನೆಯ ಧಾರೆಯಲ್ಲಿ ಬೆಳೆದ ಎಂ.ಎಂ. ಥಾಮಸ್ ಬೆಂಗಳೂರಿನಲ್ಲಿದ್ದುಕೊಂಡೇ ಬಹಳಷ್ಟು ಬರೆದರು, ಮುಂದೆ 1990ರಲ್ಲಿ ನಾಗಾಲ್ಯಾಂಡಿನ ರಾಜ್ಯಪಾಲರಾದರು. ತಂಗಿ ಸೇರಿದ್ದು ಮೊದಲನೆಯ ಧಾರೆಯ ಒಂದು ಸಣ್ಣ ಸಂಘವನ್ನು. ಎರಡನೆಯದಾಗಿದ್ದರೆ ನನಗೆ ಇನ್ನೂ ಇಷ್ಟವಾಗುತ್ತಿತ್ತು, ಆದರೆ ನೌಕರಿ ಅವಳದು.

ಪಾದ್ರಿಯಾಗಲು ನಾಲ್ಕೈದು ವರ್ಷ ದೇವಶಾಸ್ತ್ರ ಓದಬೇಕು, ದೀಕ್ಷೆ ಆಗಬೇಕು, ಸಭೆ ಎಲ್ಲಿಗೆ ಕಳಿಸುತ್ತದೋ ಅಲ್ಲಿಗೆ ಹೋಗಬೇಕು. ಸ್ಟಾಫ್ ವರ್ಕರಿಗೆ ದೀಕ್ಷೆ ಇಲ್ಲ. ಪದವಿ ಬೇಕು, ಕಾಲೇಜಿನಲ್ಲಿದ್ದಾಗ ಇಂಥ ಕೂಟದಲ್ಲಿ ಪಳಗಿರಬೇಕು, ಮೇಲೆ ಕೆಲವು ತಿಂಗಳ ತರಬೇತಿ. ಕೂಟ ನಡೆಸುವವರು ವಿದ್ಯಾರ್ಥಿಗಳೇ. ಖರ್ಚು ಹೊರುವವರು ಓದು ಮುಗಿಸಿ ಕೆಲಸಕ್ಕೆ ಸೇರಿದ ಹಳೆಯ ವಿದ್ಯಾರ್ಥಿಗಳು. ಸ್ಟಾಫ್ ವರ್ಕರ್ ಇಬ್ಬರ ನಡುವೆ ಇರುವವಳು, ಮುಂದೆ ನಿಲ್ಲುವವಳಲ್ಲ. ಇದು ಕೇಳಲು ಚೆನ್ನಾಗಿದೆ. ನಿಜವಾಗಿ ಹಾಗೆ ನಡೆಯುತ್ತದೆಯೇ ಎಂದು ನೋಡಲು ಒಂದು ಶನಿವಾರ ಸಂಜೆ ನಾನೂ ಅವಳ ಜೊತೆ ಹೋದೆ.

ತಾಂಬರಂ ಕಡೆ ಒಬ್ಬ ಬ್ಯಾಂಕ್ ಅಧಿಕಾರಿಯ ಫ್ಲ್ಯಾಟು. ಹೊರಗೆ ಹದಿನಾಲ್ಕು ಜೊತೆ ಚಪ್ಪಲಿ. ಮೊದಲು ಒಂದು ಕಾಲೇಜು ಸಂಜೆ ಹೊತ್ತು ಒಂದು ಖಾಲಿ ಕೋಣೆ ಕೊಡುತ್ತಿತ್ತಂತೆ, ಆಮೇಲೆ ತಕರಾರು ಬೇಡ ಎಂದು ನಿಲ್ಲಿಸಿತು. ಒಳಗೆ ತಮಿಳು, ತೆಲುಗು, ಮಿಜೊ, ಮಲಯಾಳ, ಎಲ್ಲ ಸೇರಿದ ಇಂಗ್ಲಿಷು. ಬೀದರಿನ ಒಬ್ಬ ಮೆಥಡಿಸ್ಟ್ ಹುಡುಗ ನನ್ನನ್ನು ಕಂಡು “ನೀವು ಧಾರವಾಡದವ್ರಾ ಸರ್?” ಎಂದು ಪಕ್ಕಕ್ಕೆ ಬಂದು ಕೂತ. ಅಂದಿನ ಪಾಠ ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯ: ಪಾರ್ಶ್ವವಾಯು ಹೊಡೆದವನನ್ನು ನಾಲ್ವರು ಹೊತ್ತು ತಂದು, ಜನಜಂಗುಳಿಯಿಂದ ಬಾಗಿಲಲ್ಲಿ ದಾರಿ ಸಿಗದೆ, ಮಾಳಿಗೆ ಬಿಚ್ಚಿ ಯೇಸುವಿನ ಮುಂದೆ ಇಳಿಸುವ ಕಥೆ. ತಂಗಿ ಉಪದೇಶ ಮಾಡುತ್ತಾಳೆ ಎಂದುಕೊಂಡಿದ್ದೆ. ಒಂದೂವರೆ ತಾಸಿನಲ್ಲಿ ಅವಳು ಮಾತಾಡಿದ್ದು ಹತ್ತು ನಿಮಿಷವೂ ಇರಲಿಕ್ಕಿಲ್ಲ. ಏನು ಕಾಣಿಸುತ್ತದೆ, ಇದರ ಅರ್ಥ ಏನು, ನಾಳೆ ಇದನ್ನಿಟ್ಟುಕೊಂಡು ಏನು ಮಾಡುತ್ತೀರಿ ಎಂದು ಮೂರು ಬಗೆಯಲ್ಲಿ ಕೇಳುತ್ತಲೇ ಹೋದಳು. ನಮ್ಮ ಕೋಡ್ ರಿವ್ಯೂ ಇಷ್ಟು ತಾಳ್ಮೆಯಿಂದ ನಡೆದದ್ದನ್ನು ನಾನು ಕಂಡಿಲ್ಲ. ಒಬ್ಬ ಸಿವಿಲ್ ವಿದ್ಯಾರ್ಥಿ, ಆ ಮಾಳಿಗೆ ಆಮೇಲೆ ರಿಪೇರಿ ಮಾಡಿಸಿದವರು ಯಾರು ಎಂದು ಕೇಳಿದ. ಎಲ್ಲರೂ ನಕ್ಕರು. ಆದರೆ ಮುಂದಿನ ಅರ್ಧ ತಾಸು ಚರ್ಚೆ ನಡೆದದ್ದು ಅದರ ಮೇಲೆಯೇ: ಒಬ್ಬನಿಗೆ ಒಳ್ಳೆಯದು ಮಾಡುವಾಗ ಆಗುವ ನಷ್ಟವನ್ನು ಯಾರು ತುಂಬಿಕೊಡಬೇಕು?

ಅಸಲಿ ಕೆಲಸ ಶುರುವಾದದ್ದು ಚಹಾದ ಹೊತ್ತಿಗೆ. ನಮ್ಮಲ್ಲಿ ‘ಬ್ಯಾಕ್’ ಎನ್ನುವುದನ್ನು ಇಲ್ಲಿ ‘ಅರಿಯರ್’ ಎನ್ನುತ್ತಾರೆ. ಬೀದರಿನ ಹುಡುಗನಿಗೆ ಐದು ಅರಿಯರ್ ಇದ್ದವು, ಮನೆಯಲ್ಲಿ ಹೇಳಿರಲಿಲ್ಲ. ತಂಗಿ ಅವನ ಜೊತೆ ಕೂತು ದಿನಕ್ಕೆ ಎರಡು ತಾಸಿನ ವೇಳಾಪಟ್ಟಿ ಬರೆದುಕೊಟ್ಟಳು, ಬುಧವಾರ ಎಷ್ಟು ಆಯಿತೆಂದು ಫೋನ್ ಮಾಡುತ್ತೇನೆ ಎಂದಳು. ಒಬ್ಬ ಹುಡುಗಿಗೆ ಕೊನೆಯ ಸೆಮಿಸ್ಟರ್ ಮುಗಿಯುವ ಮೊದಲೇ ಮದುವೆ ಮಾಡಲು ಹೊರಟಿದ್ದರು. ಅವಳ ಜೊತೆ ಬಾಲ್ಕನಿಯಲ್ಲಿ ಬಹಳ ಹೊತ್ತು ಮಾತು. ಊರು ಬಿಟ್ಟು ಬಂದ ಹದಿನೆಂಟು ವರ್ಷದವರಿಗೆ ಹಾಸ್ಟೆಲಿನಲ್ಲಿ ಎಲ್ಲ ಸಿಗುತ್ತದೆ, ಕೂತು ಕೇಳುವ ದೊಡ್ಡವರೊಬ್ಬರು ಸಿಗುವುದಿಲ್ಲ. ನಾನು ಸುರತ್ಕಲ್ಲಿನಲ್ಲಿ ಎಂಟೆಕ್ ಮಾಡುವಾಗ ಪಕ್ಕದ ಬ್ಲಾಕಿನ ಬಿಟೆಕ್ ಹುಡುಗರಲ್ಲಿ ಇದನ್ನು ನೋಡಿದ್ದೇನೆ.

ಇಲ್ಲಿಯೇ ನನ್ನ ದೊಡ್ಡ ತಕರಾರೂ ಇರುವುದು. ರಾತ್ರಿ ಹನ್ನೊಂದಕ್ಕೆ ಒಬ್ಬ ಹುಡುಗ ಫೋನ್ ಮಾಡಿ ಬದುಕುವುದೇ ಬೇಡ ಅನಿಸುತ್ತಿದೆ ಎಂದರೆ, ಕೆಲವು ತಿಂಗಳ ತರಬೇತಿ ಪಡೆದ ಮಾಜಿ ಟೆಸ್ಟರ್ ಏನು ಮಾಡಬಲ್ಲಳು? ಪ್ರಾರ್ಥನೆ ಮಾಡಿ ಮಲಗು ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ನಾನು ನಮ್ಮ ಚರ್ಚುಗಳಲ್ಲೇ ನೋಡಿದ್ದೇನೆ. ತಂಗಿಯನ್ನು ಇದೇ ಮಾತಿನಲ್ಲಿ ಕೇಳಿದೆ. ಅವಳು ಫೋನ್ ತೆಗೆದು ತೋರಿಸಿದಳು. ಮೊದಲ ಸಾಲಿನಲ್ಲಿ ಟೆಲಿ ಮಾನಸ್‌ನ 14416, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆಯುವ ಸಹಾಯವಾಣಿ. ಅದರ ಕೆಳಗೆ ಇಬ್ಬರು ಮನೋವೈದ್ಯರ ನಂಬರು. “ನಾ ಡಾಕ್ಟರ್ ಅಲ್ಲಣ್ಣಾ. ಅವರ ಹತ್ರ ಮುಟ್ಟಿಸೂತನಕ ಜೋಡಿ ಇರ್ತೀನಿ.” ಈ ಉತ್ತರ ಸರಿ. ಆದರೆ ಇದು ಅವಳ ಸ್ವಂತ ಬುದ್ಧಿ, ಅವಳ ತರಬೇತಿಯ ಪುಸ್ತಕದಲ್ಲಿದ್ದದ್ದಲ್ಲ. ಯುವಜನರ ನಡುವೆ ಕೆಲಸ ಮಾಡುವ ಯಾವ ಸಂಘವೇ ಆಗಲಿ ಇದನ್ನು ಮೊದಲ ವಾರದಲ್ಲೇ ಕಲಿಸಬೇಕು.

ಇನ್ನು, ಈ ಲೇಖನ ಓದುವ ಹಲವರ ಮನಸ್ಸಿನಲ್ಲಿರುವ ಪ್ರಶ್ನೆ. ಅದನ್ನೂ ಕೇಳಿದೆ: “ಮತಾಂತರ ಮಾಡ್ತೀಯೇನು?” ಅವಳಿಗೆ ಸಿಟ್ಟು ಬರಲಿಲ್ಲ. “ಬರೋರೊಳಗ ಬಹಳ ಮಂದಿ ಕ್ರೈಸ್ತ ಮನಿಯವರ. ಬ್ಯಾರೆಯವ್ರು ಬಂದ್ರ ಬ್ಯಾಡ ಅನ್ನೂದಿಲ್ಲ. ಕೇಳಿದ್ರ ನಾ ನಂಬಿದ್ದನ್ನ ಹೇಳ್ತೀನಿ, ಮುಚ್ಚಿಡೂದಿಲ್ಲ. ಆದ್ರ ಫೀಸು ಕಟ್ತೀವಿ ಬಾ, ನೌಕರಿ ಕೊಡಸ್ತೀವಿ ಬಾ ಅಂತ ಕರಿಯೂದಿಲ್ಲ.”

ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಆದರೆ ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲಿ, ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಪೂರ್ತಿಯಾಗಿ ಸರ್ಕಾರಿ ದುಡ್ಡಿನಲ್ಲಿ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು 28ನೇ ವಿಧಿ ಹೇಳುತ್ತದೆ. ತಮಿಳುನಾಡಿನಲ್ಲಿ 2002ರಲ್ಲಿ ಬಂದ ಮತಾಂತರ ತಡೆ ಕಾನೂನು 2004ರಲ್ಲಿ ಹಿಂದಕ್ಕೆ ಹೋಯಿತು. ನಮ್ಮ ಕರ್ನಾಟಕದಲ್ಲಿ 2022ರಲ್ಲಿ ಕಾನೂನು ಬಂತು, 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಅವ್ವನ ಭಯ ಕಾನೂನಿನದಲ್ಲ. ಯಾರೋ ವಿಡಿಯೊ ಮಾಡಿ ಹಾಕಿಬಿಟ್ಟರೆ ಏನು ಗತಿ ಎಂಬುದು. ಆ ಭಯ ನನಗೂ ಇದೆ.

ಆದರೆ ಕಾನೂನಿಗಿಂತ ನನಗೆ ಮುಖ್ಯವೆನಿಸುವುದು ಸಣ್ಣ ವಿಷಯಗಳು. ಒಂಟಿಯಾಗಿರುವ ಹುಡುಗನಿಗೆ ಪ್ರೀತಿಯಿಂದ ಮಾತಾಡಿಸುವ ಅಕ್ಕ ಸಿಕ್ಕರೆ, ಅವಳು ಹೇಳಿದ್ದಕ್ಕೆಲ್ಲ ಹೂಂ ಎನ್ನುವ ಸಾಧ್ಯತೆ ಇರುತ್ತದೆ. ಆಮಿಷ ಹಣದ ರೂಪದಲ್ಲೇ ಬರಬೇಕೆಂದಿಲ್ಲ. ಬೀದರಿನ ಹುಡುಗನ ರೂಮ್‌ಮೇಟ್ ಈರೋಡಿನ ಹಿಂದೂ ಹುಡುಗ. ಅವನಿಗೂ ಅರಿಯರ್ ಇದ್ದವು, ಅವನೂ ಬಂದು ವೇಳಾಪಟ್ಟಿ ಬರೆಸಿಕೊಂಡ. ಬೈಬಲ್ ಅಧ್ಯಯನಕ್ಕೆ ಒಂದು ದಿನವೂ ಬಂದಿಲ್ಲ. ತಂಗಿಯ ಬುಧವಾರದ ಫೋನು ಅವನಿಗೂ ಹೋಗುತ್ತದೆ ಎಂದು ತಿಳಿದ ದಿನ ನನ್ನ ಅರ್ಧ ಅನುಮಾನ ಹೋಯಿತು.

ಉಳಿದ ಅರ್ಧ ದುಡ್ಡಿನದು. ಧಾರವಾಡದ ಮನೆ ಸಾಲ ನಮ್ಮಿಬ್ಬರ ಹೆಸರಿನಲ್ಲಿತ್ತು. ತಿಂಗಳ ಕಂತು 31 ಸಾವಿರ, ಅರ್ಧರ್ಧ, ಇನ್ನೂ ಹನ್ನೊಂದು ವರ್ಷ ಬಾಕಿ. ಅವಳ ಕೈಗೆ ಬರುತ್ತಿದ್ದ ಸಂಬಳ 78 ಸಾವಿರ. ಹೊಸ ಕೆಲಸದಲ್ಲಿ 24 ಸಾವಿರ. ನಾನು ಎಕ್ಸೆಲ್ ಹಾಳೆ ಮಾಡಿದೆ. ಬಾಡಿಗೆಯ ಪಾಲು ಏಳೂವರೆ ಸಾವಿರ, ಊಟ ಆರು, ಓಡಾಟ ಎರಡೂವರೆ, ಫೋನು ಔಷಧಿ ಇತ್ಯಾದಿ ಎರಡೂವರೆ, ಆರೋಗ್ಯ ವಿಮೆ ಒಂದು. ಉಳಿಯುವುದು ನಾಲ್ಕೂವರೆ ಸಾವಿರ. ಕಂತಿಗೆ ಹನ್ನೊಂದು ಸಾವಿರ ಕಡಿಮೆ ಬೀಳುತ್ತದೆ. ದೇವರು ನೋಡಿಕೊಳ್ಳುತ್ತಾನೆ ಎಂದು ಅವಳು ಹೇಳಿದ್ದರೆ ಜಗಳವಾಗುತ್ತಿತ್ತು. ಅವಳು ತನ್ನ ಉಳಿತಾಯದಿಂದ ಐದು ಲಕ್ಷ ತೆಗೆದು ಸಾಲಕ್ಕೆ ಕಟ್ಟಿದಳು, ಕಂತು ಸುಮಾರು 25 ಸಾವಿರಕ್ಕೆ ಇಳಿಯಿತು. ಅದರಲ್ಲಿ ನಾಲ್ಕು ಸಾವಿರ ಅವಳದು, ಉಳಿದದ್ದು ನನ್ನದು. ನನಗೆ ತಿಂಗಳಿಗೆ ಐದೂವರೆ ಸಾವಿರ ಹೊರೆ ಹೆಚ್ಚಾಯಿತು. ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ. ನನ್ನ ಹೆಂಡತಿ ಹಾಳೆ ನೋಡಿ, “ನೀವು ಎಂಟೆಕ್ ಮಾಡುವಾಗ ಎರಡು ವರ್ಷ ಮನೆ ಖರ್ಚು ಯಾರು ನೋಡಿಕೊಂಡ್ರು?” ಎಂದಳು. ಆಗ ನೋಡಿಕೊಂಡವಳು ಹೊಸದಾಗಿ ಕೆಲಸಕ್ಕೆ ಸೇರಿದ್ದ ತಂಗಿಯೇ.

ಆ 24 ಸಾವಿರ ಬರುವುದು ಹಳೆಯ ವಿದ್ಯಾರ್ಥಿಗಳ ಕಾಣಿಕೆಯಿಂದ. ಅಮೆರಿಕ ಮೂಲದ ಕೆಲವು ಸಂಘಗಳಲ್ಲಿ ಸ್ಟಾಫ್ ವರ್ಕರೇ ಬಂಧುಮಿತ್ರರಿಗೆ ಪತ್ರ ಬರೆದು ತನ್ನ ಸಂಬಳ ಕೂಡಿಸಿಕೊಳ್ಳಬೇಕಂತೆ. ಇವಳಿಗೆ ಆ ಕಷ್ಟವಿಲ್ಲ. ವಿದೇಶಿ ಹಣವನ್ನು ಇವಳ ಸಂಘ ಮುಟ್ಟುವುದೇ ಇಲ್ಲ. ಅದಕ್ಕೆ ಎಫ್‌ಸಿಆರ್‌ಎ ನೋಂದಣಿ ಬೇಕು, 2020ರ ತಿದ್ದುಪಡಿಯ ನಂತರ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು. ಆದರೆ ಕಾಣಿಕೆ ಕೊಡುವವರಲ್ಲಿ ಹೆಚ್ಚಿನವರು ಐಟಿಯವರೇ. ನಮ್ಮಲ್ಲಿ ಲೇಆಫ್ ಆದರೆ ಅಲ್ಲಿ ಸಂಬಳ ತಡವಾಗುತ್ತದೆ. ಈಗಾಗಲೇ ಒಂದು ತಿಂಗಳು ಹಾಗಾಗಿದೆ.

ಹುಬ್ಬಳ್ಳಿಯಿಂದ ಬಂದಿದ್ದ ಒಂದು ಸಂಬಂಧ ಈ ಸುದ್ದಿ ಕೇಳಿ ಹಿಂದಕ್ಕೆ ಹೋಯಿತು. ಅವ್ವ ಅದನ್ನು ಇನ್ನೂ ಮರೆತಿಲ್ಲ. ಕೆಲವು ವರ್ಷ ಹೀಗೆ ದುಡಿದು ಮತ್ತೆ ನೌಕರಿಗೆ ಮರಳುವವರಿದ್ದಾರೆ, ದೇವಶಾಸ್ತ್ರ ಓದಿ ಕಲಿಸಲು ಹೋಗುವವರಿದ್ದಾರೆ. ನಾನು ಆಗಾಗ ಆಟೊಮೇಶನ್ ಟೆಸ್ಟಿಂಗಿನ ಹೊಸ ಕೋರ್ಸುಗಳ ಲಿಂಕ್ ಕಳಿಸುತ್ತೇನೆ. ನೀಲಿ ಗೆರೆ ಬರುತ್ತದೆ, ಉತ್ತರ ಬರುವುದಿಲ್ಲ.

ಅಪ್ಪ ಈ ಬಗ್ಗೆ ಆಮೇಲೆ ಒಂದು ಮಾತೂ ಆಡಲಿಲ್ಲ. ಪ್ರತಿ ತಿಂಗಳು ಪಿಂಚಣಿ ಬಂದ ಮರುದಿನ ಸಂಘದ ಖಾತೆಗೆ ಐನೂರು ರೂಪಾಯಿ ಹಾಕಿ ತಮ್ಮ ಡೈರಿಯಲ್ಲಿ ಬರೆದಿಡುತ್ತಾರೆ. ರಸೀದಿ ಎರಡು ದಿನ ತಡವಾದರೆ ಫೋನು ಬರುವುದು ಮಗಳಿಗಲ್ಲ, ನನಗೆ: “ಅವರ ಹಿಸೇಬು ಬರೋಬ್ಬರಿ ಐತಿಲ್ಲೋ, ಒಂದ್ಸಲ ಹೋಗಿ ನೋಡಿ ಬಾ.”