ಖಡ್ಗಧಾರಿಯೂ ಮಂತ್ರವಾದಿಯೂ

ಕಳೆದ ಬೇಸಗೆಯ ಒಂದು ಶನಿವಾರ ಸಂಜೆ ನಮ್ಮ ಮೊಮ್ಮಗಳು ಆಟದ ಚಾಪೆಯಿಂದ ಎದ್ದು ಬಂದು, ಇನ್ನು ಮುಂದೆ ತಾನು ಆಡುವುದಿಲ್ಲವೆಂದು ಹೇಳಿ ಒಳಕ್ಕೆ ಹೊರಟುಹೋದಳು. ಸೋತವರು ಮುನಿದು ಏಳುವುದು ಲೋಕರೂಢಿಯಷ್ಟೆ. ಆದರೆ ಆ ದಿನ ಅವಳ ಪಕ್ಷವು ಸೋತಿರಲಿಲ್ಲ, ಗೆದ್ದೇ ಇದ್ದಿತು. ಗೆದ್ದ ಪಕ್ಷದವಳು ಕಣ್ಣಲ್ಲಿ ನೀರು ತಂದುಕೊಂಡು ಏಳಬೇಕಾದ ಕಾರಣವೇನೆಂದು ವಿಚಾರಿಸಹೊರಟ ನಾವು, ಈ ವಯಸ್ಸಿನಲ್ಲಿ ಒಂದು ಆಟದ ನಿಯಮಗ್ರಂಥಗಳನ್ನು ತಿಂಗಳುಗಟ್ಟಲೆ ಓದಬೇಕಾಯಿತು. ವಾಚಕರ ಮನೆಗಳಲ್ಲಿಯೂ ಈ ಆಟವು ಕಾಲಿಟ್ಟಿರಬಹುದಾದ ಕಾರಣ, ನಮಗೆ ತಿಳಿದುಬಂದುದನ್ನು ಇಲ್ಲಿ ನಿವೇದಿಸುತ್ತೇವೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕಾ ದೇಶದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನ ಗ್ಯಾರಿ ಗೈಗ್ಯಾಕ್ಸ್ ಎಂಬವರೂ, ಮಿನೆಸೋಟದ ಡೇವ್ ಆರ್ನೆಸನ್ ಎಂಬವರೂ ಕೂಡಿ ರಚಿಸಿದ ಇದು 1974ರಲ್ಲಿ ಮೊದಲು ಪ್ರಕಟವಾಯಿತು. ಇದರಲ್ಲಿ ಒಬ್ಬನು ಸೂತ್ರಧಾರನಾಗಿ ಕುಳಿತು ಕಾಡು, ಕೋಟೆ, ಸುರಂಗ, ರಾಕ್ಷಸರು ಇವುಗಳನ್ನೆಲ್ಲ ಬಾಯಲ್ಲಿಯೇ ವರ್ಣಿಸುವನು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ತಾವು ಏನು ಮಾಡುವೆವೆಂದು ಹೇಳುವರು. ಆದೀತೋ ಆಗದೋ ಎಂಬುದನ್ನು ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ದಾಳಗಳು ನಿರ್ಣಯಿಸುವುವು. ಆಟಗಾರರು ಒಬ್ಬರಿಗೊಬ್ಬರು ಎದುರಾಳಿಗಳಲ್ಲ, ಎಲ್ಲರೂ ಒಂದೇ ತಂಡ. ಪಾತ್ರಕ್ಕೆ ಒಂದು ವೃತ್ತಿಯುಂಟು. ಅದನ್ನು ಅವರು ಕ್ಲಾಸ್ ಎನ್ನುತ್ತಾರೆ. ಮೊದಲ ಮುದ್ರಣದಲ್ಲಿ ಯೋಧ, ಮಂತ್ರವಾದಿ, ದೇವೋಪಾಸಕ ಎಂದು ಮೂರೇ ವೃತ್ತಿಗಳಿದ್ದುವು. 1975ರಲ್ಲಿ ಕಳ್ಳನೂ ಸೇರಿದನು. ನಮ್ಮ ಮನೆಯಲ್ಲಿ ಕಿರಿಯ ಮಗನು ಸೂತ್ರಧಾರ, ಮೊಮ್ಮಗಳು ಯೋಧೆ, ಅವಳ ತಮ್ಮನು ಮಂತ್ರವಾದಿ, ಪಕ್ಕದ ಮನೆಯ ಹುಡುಗನು ಕಳ್ಳ. ನಮ್ಮ ಸೊಸೆಯು, ಅಡಿಗೆಮನೆಯ ಕೆಲಸ ಮುಗಿದ ದಿನ, ದೇವೋಪಾಸಕಿ.

ಮೊಮ್ಮಗಳನ್ನು ಕೇಳಲಾಗಿ ಅವಳೆಂದಳು: "ತಾತಾ, ನನ್ನ ಸರದಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ."

ನಾವು ಲೆಕ್ಕ ಹಾಕಿ ನೋಡಿದೆವು. 2014ರ ಐದನೆಯ ಆವೃತ್ತಿಯ ಪ್ರಕಾರ ಐದನೆಯ ಮಟ್ಟಕ್ಕೆ ಏರಿದ ಯೋಧೆಯು ಒಂದು ಸರದಿಯಲ್ಲಿ ಎರಡು ಸಲ ಕತ್ತಿ ಬೀಸಬಹುದು. ಎಂಟು ಮುಖದ ದಾಳಕ್ಕೆ ಅವಳ ಬಲದ ನಾಲ್ಕನ್ನು ಕೂಡಿಸಿದರೆ, ಎರಡು ಪೆಟ್ಟೂ ತಾಗಿದಾಗ ಸರಾಸರಿ 17 ಅಂಕದ ಘಾತ. ಅದೇ ಮಟ್ಟದ ಮಂತ್ರವಾದಿಗೆ ಅಗ್ನಿಗೋಲದ ಮಂತ್ರವು ದೊರಕುವುದು. ಅದಕ್ಕೆ ಆರು ಮುಖದ ದಾಳಗಳು ಎಂಟು, ಸರಾಸರಿ 28. ಅದೂ ಒಬ್ಬ ಶತ್ರುವಿಗಲ್ಲ, ಇಪ್ಪತ್ತು ಅಡಿ ತ್ರಿಜ್ಯದ ವರ್ತುಲದೊಳಗೆ ಸಿಕ್ಕ ಎಲ್ಲರಿಗೂ. ದಾಳದ ದಯೆಯಿಂದ ಪಾರಾದವನಿಗೂ ಅರ್ಧ. ಹನ್ನೆರಡು ವರ್ಷದ ತಮ್ಮನು ಹೀಗೆ ಒಂದೇ ಉಸಿರಿನಲ್ಲಿ ಸೇನೆಯನ್ನು ಸುಟ್ಟು ಕುಳಿತಿರಲು, ಅಕ್ಕನು ಕತ್ತಿ ಹಿಡಿದು ಬೂದಿಯ ನಡುವೆ ನಿಂತಿದ್ದಳು.

ಈ ತಾರತಮ್ಯವು ಆಟವನ್ನು ರಚಿಸಿದವರಿಗೆ ತಿಳಿಯದೆ ಇರಲಿಲ್ಲ. ಮಂತ್ರವಾದಿಗೆ ಅವರು ಮೊದಲಿಂದಲೇ ಹಲವು ಕಡಿವಾಣಗಳನ್ನು ಹಾಕಿದ್ದರು. ಅವನು ಕವಚ ತೊಡಕೂಡದು. 1978ರ ನಿಯಮಗಳಲ್ಲಿ ಅವನ ಪ್ರಾಣಾಂಕಗಳಿಗೆ ಮಟ್ಟಕ್ಕೊಂದು ನಾಲ್ಕು ಮುಖದ ದಾಳ, ಯೋಧನಿಗೆ ಹತ್ತು ಮುಖದ್ದು. ಮೊದಲನೆಯ ಮಟ್ಟದ ಮಂತ್ರವಾದಿಯು ದಿನಕ್ಕೆ ಒಂದೇ ಮಂತ್ರವನ್ನು ಪ್ರಯೋಗಿಸಿ, ಉಳಿದ ಹೊತ್ತು ಇತರರ ಬೆನ್ನ ಹಿಂದೆ ಅಡಗಬೇಕು. ಆಮೇಲೆ ಅನುಭವಾಂಕಗಳ ತೆರಿಗೆ: ಎರಡನೆಯ ಮಟ್ಟಕ್ಕೇರಲು ಕಳ್ಳನಿಗೆ 1,251, ದೇವೋಪಾಸಕನಿಗೆ 1,501, ಯೋಧನಿಗೆ 2,001, ಮಂತ್ರವಾದಿಗೆ 2,501 ಅಂಕಗಳು. ಬಲವುಳ್ಳವನು ನಿಧಾನವಾಗಿ ಏರಲೆಂಬುದು ಯುಕ್ತಿ. ವಿನೋದವೇನೆಂದರೆ, ಇದೇ ಪಟ್ಟಿಯನ್ನು ಕೆಳಗೆ ಓದುತ್ತ ಹೋದರೆ ಏಳನೆಯ ಮಟ್ಟಕ್ಕೆ ಯೋಧನಿಗೆ 70,001 ಬೇಕಾಗಿರಲು ಮಂತ್ರವಾದಿಗೆ 60,001 ಸಾಕು! ದುರ್ಬಲನಾಗಿದ್ದಾಗ ತೆರಿಗೆ, ಪ್ರಬಲನಾದ ಮೇಲೆ ವಿನಾಯಿತಿ. ಶಾಲೆಯಲ್ಲಿ ಇಂಥ ಪಟ್ಟಿಯನ್ನು ಹುಡುಗನೊಬ್ಬನು ಬರೆದು ತಂದಿದ್ದರೆ ನಾವು ಮತ್ತೊಮ್ಮೆ ಮಾಡಿಕೊಂಡು ಬಾ ಎಂದು ಕಳುಹಿಸುತ್ತಿದ್ದೆವು.

ಆದರೂ ಆ ಪೂರ್ವಿಕರ ಎಣಿಕೆಯಲ್ಲಿ ಒಂದು ನ್ಯಾಯವಿದ್ದಿತು. ಮೊದಲು ಯೋಧನು ಮಂತ್ರವಾದಿಯನ್ನು ಕಾಯುವನು, ಕೊನೆಗೆ ಮಂತ್ರವಾದಿಯು ಯೋಧನನ್ನು ಕಾಯುವನು. ಒಂಬತ್ತನೆಯ ಮಟ್ಟದಲ್ಲಿ ಯೋಧನಿಗೆ ಕೋಟೆಯೂ ಪರಿವಾರವೂ ದೊರೆತು ಅವನು ಪಾಳೆಯಗಾರನಾಗುವನು. ವರ್ಷಗಟ್ಟಲೆ ಆಡುವವರಿಗೆ ಇದು ಸರಿಹೋದೀತು. ಪರೀಕ್ಷೆಗಳ ನಡುವೆ ಹನ್ನೆರಡು ಶನಿವಾರ ಆಡುವ ಮಕ್ಕಳಿಗೆ, ನಿನ್ನ ಕಾಲ ಮುಗಿಯಿತು ಅಥವಾ ನಿನ್ನ ಕಾಲ ಇನ್ನೂ ಬಂದಿಲ್ಲ ಎಂದರೆ ಏನು ಸಮಾಧಾನ?

ಇಲ್ಲಿ ಚದುರಂಗದ ಮಾತು ಬರುತ್ತದೆ. ಈ ಆಟದ ವಂಶಾವಳಿಯನ್ನು ಹಿಂದಕ್ಕೆ ಹಿಡಿದರೆ ಅದು ನಮ್ಮ ಚತುರಂಗಕ್ಕೇ ಹೋಗಿ ಮುಟ್ಟುವುದು. ಚತುರಂಗವು ಪಾರಸಿಕ ಅರಬ್ಬೀ ದೇಶಗಳ ಮಾರ್ಗವಾಗಿ ಯೂರೋಪಿಗೆ ಹೋಯಿತು. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗಿನ ಹೆಲ್ವಿಗ್ ಎಂಬ ಪಂಡಿತನು ಅದನ್ನು ಹಿಗ್ಗಿಸಿ ಯುದ್ಧದಾಟವನ್ನು ಮಾಡಿದನು. 1824ರ ಹೊತ್ತಿಗೆ ಪ್ರಷ್ಯದ ಸೈನ್ಯಾಧಿಕಾರಿಗಳು ಅಂಥದೊಂದು ಆಟದಿಂದ ಅಭ್ಯಾಸ ಮಾಡತೊಡಗಿದ್ದರು. ಆ ಪರಂಪರೆಯದೇ ಆದ ಗೊಂಬೆಸೈನ್ಯದ ಆಟಕ್ಕೆ 1971ರಲ್ಲಿ ಗೈಗ್ಯಾಕ್ಸರೂ ಅವರ ಮಿತ್ರರೊಬ್ಬರೂ ನಿಯಮಗಳನ್ನು ಬರೆದರು. ಚದುರಂಗದಲ್ಲಿ ಕಾಲಾಳಿಗೂ ಆನೆಗೂ ಇರುವ ಅಂತರವು ಅಲ್ಪವೇ? ಅದನ್ನು ಯಾರೂ ಅನ್ಯಾಯವೆನ್ನಲಿಲ್ಲ. ಏಕೆಂದರೆ ಎಲ್ಲ ಕಾಯಿಗಳನ್ನೂ ನಡೆಸುವ ಮನಸ್ಸು ಒಂದೇ, ಕಾಲಾಳು ಅಳುವುದಿಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸಿನಲ್ಲಿಯೋ ಪ್ರತಿಯೊಂದು ಕಾಯಿಯ ಹಿಂದೆಯೂ ಒಂದು ಜೀವ ಕುಳಿತಿದೆ, ಅದೂ ತನ್ನ ಸಂಜೆಯನ್ನು ಕೊಟ್ಟು ಬಂದಿದೆ. ಕಾಯಿಗಳು ಅಸಮಾನವಾದಾಗ ಇಲ್ಲಿ ನೋವು ಹುಟ್ಟುವುದು ಈ ಕಾರಣದಿಂದ.

ಹಾಗಾದರೆ ಎಲ್ಲರನ್ನೂ ಸಮಾನಮಾಡಿಬಿಟ್ಟರೆ? ಅದನ್ನೂ ಮಾಡಿ ನೋಡಿದರು. 2000ದ ಮೂರನೆಯ ಆವೃತ್ತಿಯಲ್ಲಿ ಎಲ್ಲ ವೃತ್ತಿಗಳಿಗೂ ಅನುಭವಾಂಕದ ಪಟ್ಟಿಯು ಒಂದೇ ಆಯಿತು. ಮಂತ್ರವಾದಿಯ ಬಲವು ಮಾತ್ರ ಹಾಗೆಯೇ ಉಳಿದು ಅಂತರವು ಇನ್ನೂ ಹೆಚ್ಚಿತೆಂದು ಆಡಿದವರು ದೂರಿದರು. 2008ರ ನಾಲ್ಕನೆಯ ಆವೃತ್ತಿಯಲ್ಲಿ ಇದಕ್ಕೆ ಉಗ್ರ ಚಿಕಿತ್ಸೆಯಾಯಿತು. ಯೋಧನಾಗಲಿ ಮಂತ್ರವಾದಿಯಾಗಲಿ, ಬೇಕಾದಾಗಲೆಲ್ಲ ಮಾಡಬಹುದಾದ ಕ್ರಿಯೆಗಳು ಇಷ್ಟು, ಕಾಳಗಕ್ಕೊಮ್ಮೆ ಇಷ್ಟು, ದಿನಕ್ಕೊಮ್ಮೆ ಇಷ್ಟು ಎಂದು ಎಲ್ಲರಿಗೂ ಒಂದೇ ಅಚ್ಚು. ತಕ್ಕಡಿಯು ಸಮವಾಯಿತು, ಸಂದೇಹವಿಲ್ಲ. ಆದರೆ ಕತ್ತಿ ಬೀಸುವುದೂ ಮಂತ್ರ ಹಾಕುವುದೂ ಒಂದೇ ರುಚಿಯಾಯಿತೆಂದು ಅನೇಕರು ಗೊಣಗಿದರು. ಎಲ್ಲ ಪಾತ್ರೆಗೂ ಒಂದೇ ಸಾರು ಬಡಿಸಿದರೆ ಪಂಕ್ತಿಭೇದವೇನೋ ಹೋಯಿತು, ಊಟವೂ ಹೋಯಿತು. ನಮ್ಮ ಮಗನಾದರೋ ಆ ಆವೃತ್ತಿಯನ್ನು ಇಂದಿಗೂ ಸಮರ್ಥಿಸುತ್ತಾನೆ. ಅವನಿಗೂ ನಮಗೂ ಈ ವಿಷಯದಲ್ಲಿ ಒಮ್ಮತವಿಲ್ಲ.

ನಮ್ಮ ಮನಸ್ಸಿಗೆ ಹಿಡಿದ ಉಪಾಯವು ಬೇರೆ ಜಾತಿಯದು. ಬೀಗ ತೆರೆಯುವ ಮಂತ್ರವೊಂದುಂಟು. ಇದು ಮಂತ್ರವಾದಿಯ ಕೈಯಲ್ಲಿದ್ದರೆ ಕಳ್ಳನಿಗೆ ಏನು ಕೆಲಸ? ಐದನೆಯ ಆವೃತ್ತಿಯವರು ಆ ಮಂತ್ರವನ್ನು ಕಿತ್ತುಹಾಕಲಿಲ್ಲ, ದುರ್ಬಲವನ್ನೂ ಮಾಡಲಿಲ್ಲ. ಮಂತ್ರದಿಂದ ಬೀಗ ಕಳಚಿದಾಗ ಮುನ್ನೂರು ಅಡಿ ದೂರಕ್ಕೆ ಕೇಳುವಂತೆ ದೊಡ್ಡ ಸದ್ದಾಗುವುದೆಂದು ಒಂದು ವಾಕ್ಯವನ್ನು ಸೇರಿಸಿದರು, ಅಷ್ಟೆ. ಕಾವಲುಗಾರರು ಮಲಗಿರುವ ಮನೆಯಲ್ಲಿ ಈಗ ಎಲ್ಲರೂ ಪಕ್ಕದ ಮನೆಯ ಹುಡುಗನ ಮುಖವನ್ನೇ ನೋಡಬೇಕು! ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯವು ಇಲ್ಲಿಯೂ ಸಲ್ಲುವುದೆಂದು ನಮಗೆ ತೋರಿತು. ಬಲಗಳನ್ನು ತೂಗಿ ಸಮಮಾಡುವುದಕ್ಕಿಂತ, ಇವನೇ ಬೇಕೆನ್ನುವ ಗಳಿಗೆಯನ್ನು ಪ್ರತಿಯೊಬ್ಬನಿಗೂ ಒದಗಿಸುವುದು ಮೇಲು. ಹಾಗೆಯೇ, ದೀರ್ಘಕಾಲ ನಿಲ್ಲುವ ಮಂತ್ರಗಳಲ್ಲಿ ಅನೇಕಕ್ಕೆ ಏಕಾಗ್ರತೆಯು ಬೇಕೆಂದೂ, ಅಂಥದನ್ನು ಒಂದು ಕಾಲಕ್ಕೆ ಒಂದೇ ನಡೆಸಬಹುದೆಂದೂ, ಪೆಟ್ಟು ಬಿದ್ದರೆ ಅದು ಕೆಡಬಹುದೆಂದೂ ವಿಧಿಸಿದ್ದಾರೆ. ಪೆಟ್ಟು ಬೀಳದಂತೆ ಅಡ್ಡ ನಿಲ್ಲುವವರು ಯಾರು? ಗುರಾಣಿಯವರು.

ಇಷ್ಟಿದ್ದೂ ನಮ್ಮ ಮನೆಯಲ್ಲಿ ಏಕೆ ಕೆಟ್ಟಿತು? ನಾವು ಒಂದು ಸಂಜೆ ಚಾಪೆಯ ಅಂಚಿನಲ್ಲಿ ಕುಳಿತು ಗಮನಿಸಿದಾಗ ತಿಳಿಯಿತು. ಐದನೆಯ ಮಟ್ಟದ ಮಂತ್ರವಾದಿಗೆ ಅಗ್ನಿಗೋಲದಂಥ ದೊಡ್ಡ ಮಂತ್ರವು ದಿನಕ್ಕೆ ಎರಡು ಸಲ, ನಡುವೆ ಒಂದು ಗಂಟೆ ದಣಿವಾರಿಸಿಕೊಂಡರೆ ಇನ್ನೊಂದು ಸಲ ಮಾತ್ರ. ಎಂಟು ಗಂಟೆ ವಿಶ್ರಮಿಸಿದರೆ ಎಲ್ಲವೂ ಮರಳುವುವು. ಯೋಧೆಗೆ ಅಷ್ಟು ಹೊತ್ತು ಬೇಡ. ಒಂದು ಗಂಟೆ ಕುಳಿತೆದ್ದರೆ ಅವಳ ವಿಶೇಷ ಸಾಮರ್ಥ್ಯಗಳು ಹೊಸತಾಗುವುವು, ಕತ್ತಿಯಂತೂ ಎಂದಿಗೂ ಮುಗಿಯದು. ದಿನಕ್ಕೆ ಆರರಿಂದ ಎಂಟು ಕಾಳಗಗಳನ್ನು ತಂಡವು ಎದುರಿಸಬಲ್ಲುದೆಂದು 2014ರ ಸೂತ್ರಧಾರನ ಕೈಪಿಡಿಯ ಎಣಿಕೆ. ನಮ್ಮ ಮನೆಯಲ್ಲಿ ನಡೆಯುತ್ತಿದ್ದುದು ದಿನಕ್ಕೆ ಒಂದೇ ಕಾಳಗ! ಮೊಮ್ಮಗನು ಇದ್ದ ಮಂತ್ರಗಳನ್ನೆಲ್ಲ ಅದರಲ್ಲಿ ಸುರಿದು, "ಸರಿ, ಇನ್ನು ಮಲಗೋಣ" ಎನ್ನುತ್ತಿದ್ದನು; ಅವನ ಚಿಕ್ಕಪ್ಪನು ರಾತ್ರಿಯಾಯಿತು, ಬೆಳಗಾಯಿತು ಎನ್ನುತ್ತಿದ್ದನು.

ನಾವು ಮಗನನ್ನು ಕರೆದು ಕರ್ಣನ ಶಕ್ತ್ಯಾಯುಧವನ್ನು ಜ್ಞಾಪಿಸಿದೆವು. ಇಂದ್ರನಿತ್ತ ಆ ಆಯುಧವು ಒಂದೇ ಸಲಕ್ಕೆ. ಅದು ಅರ್ಜುನನಿಗೆಂದು ಮೀಸಲಾಗಿದ್ದಿತು. ಕೃಷ್ಣನು ಕರ್ಣನ ಬಲವನ್ನು ಕುಗ್ಗಿಸಲಿಲ್ಲ, ಅರ್ಜುನನ ಬಲವನ್ನು ಹೆಚ್ಚಿಸಲೂ ಇಲ್ಲ. ಇರುಳು ಯುದ್ಧಕ್ಕೆ ಘಟೋತ್ಕಚನನ್ನು ಮುಂದೆ ಬಿಟ್ಟು ಆಯುಧವು ಅಲ್ಲಿಯೇ ವೆಚ್ಚವಾಗುವಂತೆ ಮಾಡಿದನು. "ನಿನ್ನ ಆಟದಲ್ಲಿ ಘಟೋತ್ಕಚರೇ ಇಲ್ಲವಲ್ಲಪ್ಪ" ಎಂದೆವು. ಮಗನು ನಕ್ಕನು, ಆದರೆ ಮಾತು ನಾಟಿತು.

ಮುಂದಿನ ಶನಿವಾರ, ಬಹಳ ಒತ್ತಾಯದ ಮೇಲೆ ಮೊಮ್ಮಗಳು ಬಂದು ಕುಳಿತಳು. ಹೊಳೆಯು ಏರುತ್ತಿದೆ, ಸೂರ್ಯೋದಯದೊಳಗೆ ಹಳ್ಳಿಯವರನ್ನು ಸೇತುವೆ ದಾಟಿಸಬೇಕು, ಮಲಗಲು ಹೊತ್ತಿಲ್ಲ. ಮೊದಲನೆಯ ಗುಂಪಿನ ಮೇಲೆಯೇ ಅಗ್ನಿಗೋಲವು ಬಿದ್ದಿತು. ಎರಡನೆಯದು ಮೂರನೆಯ ಗುಂಪಿಗೆ. ನಾಲ್ಕನೆಯ ಕಾಳಗವಾಗುವಷ್ಟರಲ್ಲಿ ಮೊಮ್ಮಗನು ತನ್ನ ಕಾಗದವನ್ನು ತಿರುವಿ ತಿರುವಿ ನೋಡುತ್ತಿದ್ದನು. ಐದನೆಯದರಲ್ಲಿ ಸೇತುವೆಯ ಬಾಯಿಗೆ ಟ್ರೋಲ್ ಎಂಬ, ಗಾಯವು ತಾನಾಗಿ ಮಾಯುವ ರಾಕ್ಷಸನು ಬಂದನು. ಸೊಸೆಯು ಸೌಟನ್ನು ಕೆಳಗಿಟ್ಟು ಬಂದು ಆಶೀರ್ವಾದದ ಮಂತ್ರ ಹಾಕಿದಳು. "ಅಕ್ಕಾ, ನೀನು ಮುಂದೆ ನಿಲ್ಲು, ನನ್ನ ಹತ್ತಿರ ಕಿಡಿ ಮಾತ್ರ ಉಳಿದಿದೆ" ಎಂದನು ತಮ್ಮ. ಆ ಕಿಡಿಯೂ ವ್ಯರ್ಥವಾಗಲಿಲ್ಲ, ಬೆಂಕಿ ತಾಗಿದರೆ ಟ್ರೋಲಿನ ಗಾಯವು ಒಡನೆ ಮಾಯದು. ಅವಳು ಏಳು ಸರದಿ ಆ ಸೇತುವೆಯನ್ನು ಬಿಡದೆ ನಿಂತಳು.

ಆ ರಾತ್ರಿ ಊಟಕ್ಕೆ ಕುಳಿತಾಗ ದೂರು ತಂದವನು ಮೊಮ್ಮಗನು. ಚಿಕ್ಕಪ್ಪನು ಬೇಕೆಂದೇ ತನ್ನ ಮಂತ್ರಗಳನ್ನು ಸವೆಯಿಸುತ್ತಾನೆ, ಇದು ನ್ಯಾಯವಲ್ಲ, ತಾತನೇ ಹೇಳಿಕೊಟ್ಟಿರಬೇಕು ಎಂದು ಅವನ ವಾದ. ನಾವು ಮಜ್ಜಿಗೆಯನ್ನು ಕಲಸಿಕೊಳ್ಳುತ್ತ ಸುಮ್ಮನಿದ್ದೆವು.