ಟ್ಯಾಂಕ್ ತೊಳೆಯುವ ಮೀನು ತರುವ ಮುಂಚೆ

ಬ್ಯಾಡಗಿಯಲ್ಲಿ ಬೇಕರಿ ಇಟ್ಟಿರುವ ನಮ್ಮ ಸಂಬಂಧಿಕರ ಮನೆಗೆ ಹೋದರೆ ಮಕ್ಕಳು ಮೊದಲು ಎಳೆದುಕೊಂಡು ಹೋಗುವುದು ಹಾಲ್‌ನ ಮೂಲೆಯ ಮೀನಿನ ಟ್ಯಾಂಕ್ ಹತ್ತಿರ. ಈ ಸಲ ಅದರಲ್ಲಿ ಇದ್ದದ್ದು ಎರಡೇ ಮೀನು. ಒಂದು ಏಂಜೆಲ್, ಇನ್ನೊಂದು ಮೈಯೆಲ್ಲ ಚುಕ್ಕೆಯ ಸಕ್ಕರ್, ಗೇಣಿಗಿಂತ ಉದ್ದ. ಪೆರ್ನಾಲ್‌ಗೆ ತಂದ ನಿಯಾನ್ ಟೆಟ್ರಾ, ಗಪ್ಪಿ ಎಲ್ಲಿ ಅಂತ ಕೇಳಿದರೆ, "ಒಂದೊಂದೇ ಹೋಯ್ತು" ಎಂದಳು ಚಿಕ್ಕವಳು. ಅವಳ ಉಮ್ಮ ಅಡುಗೆಮನೆಯಿಂದಲೇ, "ಹಾವೇರಿಗೆ ಹೋಗುವಾಗ ಆ ಸಕ್ಕರನ್ನು ಹೆಗ್ಗೇರಿ ಕೆರೆಗೆ ಬಿಟ್ಟುಬಿಡ್ತೇವೆ. ಇಷ್ಟು ದೊಡ್ಡದಾಗ್ತದೆ ಅಂತ ಯಾರಿಗೆ ಗೊತ್ತುಂಟು?" ಅಂದರು.

ಅಂಗಡಿಯವನು ಅದನ್ನು ಕೊಡುವಾಗ ಹೇಳಿದ್ದು ಇಷ್ಟೇ: "ಇದೊಂದು ಬಿಡ್ರಿ, ಟ್ಯಾಂಕ್ ತೊಳಿಯೋ ಕೆಲಸಾನ ಇರಂಗಿಲ್ಲ." ಬೆರಳುದ್ದದ ಮರಿ ನೋಡಿ ಯಾರೂ ನಂಬುತ್ತಾರೆ. ಆದರೆ ಸಕ್ಕರ್ ಜಾಡಮಾಲಿಯಲ್ಲ. ಬೇರೆ ಮೀನಿನ ಹಿಕ್ಕೆಯನ್ನು ಅದು ತಿನ್ನುವುದಿಲ್ಲ, ತನ್ನದನ್ನೇ ರಾಶಿ ಹಾಕುತ್ತದೆ. ಮರಿಯಾಗಿದ್ದಾಗ ಗಾಜಿನ ಪಾಚಿ ಕೆರೆದು ತಿನ್ನುವುದು ನಿಜ. ಬೆಳೆದ ಮೇಲೆ ಅಷ್ಟು ಪಾಚಿ ಸಾಲದು, ಬೇರೆ ಆಹಾರ ಬೇಕು. ದಕ್ಷಿಣ ಅಮೆರಿಕದ ಈ ಮೀನು ಒಂದೂವರೆ ಅಡಿವರೆಗೂ ಬೆಳೆಯುತ್ತದೆ. ನಮ್ಮ ಮನೆಗಳ ಟ್ಯಾಂಕ್ ಸಾಮಾನ್ಯವಾಗಿ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ತುಂಬಿದರೆ 50 ಲೀಟರ್ ಆಸುಪಾಸು ನೀರು. ಅದು ತಿರುಗುವುದಾದರೂ ಎಲ್ಲಿ?

ಹಾಗಾದರೆ ಟೆಟ್ರಾ ಯಾಕೆ ಸತ್ತವು? ಒಂದು ಕಾರಣ ಏಂಜೆಲ್. ಮರಿಯಾಗಿದ್ದಾಗ ಜೊತೆಗೇ ಈಜುತ್ತಿರುತ್ತದೆ, ಬಾಯಿ ದೊಡ್ಡದಾದ ದಿನ ನಿಯಾನ್ ಟೆಟ್ರಾ ಅದಕ್ಕೆ ಊಟ. ಬಾಯಲ್ಲಿ ಹಿಡಿಸುವಷ್ಟು ಸಣ್ಣ ಮೀನನ್ನು ದೊಡ್ಡದರ ಜೊತೆ ಬಿಡಲೇಬಾರದು. ಆಸ್ಕರ್ ಅಂತೂ ಒಂದು ಅಡಿ ಬೆಳೆಯುತ್ತದೆ. ಇನ್ನೊಂದು ಕಾರಣ ನೀರು. ಊರಲ್ಲಿ ಕೆಂಪುಕಲ್ಲಿನ ಬಾವಿ ನೀರು ಮೆದು. ಈ ಕಡೆಯ ಬೋರ್‌ವೆಲ್ ನೀರು ಹೆಚ್ಚಾಗಿ ಗಡಸು, ಚಹಾ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಅದನ್ನು ಹೇಳುತ್ತದೆ. ನಿಯಾನ್ ಟೆಟ್ರಾ ಅಮೆಜಾನಿನ ಮೆದು ನೀರಿನ ಮೀನು. ಗಪ್ಪಿ, ಪ್ಲ್ಯಾಟಿ, ಮೊಲಿಗಳಿಗೆ ಗಡಸು ನೀರೇ ಒಗ್ಗುತ್ತದೆ. ಹಾವೇರಿ, ರಾಣೆಬೆನ್ನೂರಿನ ಮನೆಗಳಿಗೆ ನಾನು ಹೇಳುವುದು ಈ ಮೂರನ್ನೇ. ಒಂದು ಎಚ್ಚರಿಕೆ ಉಂಟು: ಇವು ಮರಿ ಹಾಕುತ್ತಲೇ ಇರುತ್ತವೆ, ಹಾಗಾಗಿ ಗಂಡು ಮಾತ್ರ ತನ್ನಿ.

ಇವುಗಳ ಜೊತೆ ಟೈಗರ್ ಬಾರ್ಬ್ ಬೇಡ, ಅದು ಉದ್ದ ಬಾಲ ಕಂಡರೆ ಕಚ್ಚಿ ಹರಿಯುತ್ತದೆ. ಫೈಟರ್ ಗಂಡು ಒಂಟಿಯಾಗಿಯೇ ಇರಲಿ. ಗೋಲ್ಡ್ ಫಿಶ್ ತಂಪು ನೀರಿನದು, ಗಲೀಜೂ ಜಾಸ್ತಿ, ಅದಕ್ಕೆ ಬೇರೆಯೇ ದೊಡ್ಡ ಟ್ಯಾಂಕ್ ಬೇಕು. 'ಶಾರ್ಕ್' ಅಂತ ಮಾರುವ ಬೆಳ್ಳಿ ಬಣ್ಣದ ಮರಿ ಪಂಗಾಸಿಯಸ್, ಮಾರ್ಕೆಟಿನಲ್ಲಿ ಕಿಲೋ ಲೆಕ್ಕದಲ್ಲಿ ತೂಗಿ ಕೊಡ್ತಾರಲ್ಲ, ಅದೇ!

ಇನ್ನು ಪಾಚಿ. ಕಿಟಕಿಯ ಬಿಸಿಲು, ರಾತ್ರಿಯೆಲ್ಲ ಉರಿಯುವ ಲೈಟ್, ಮಕ್ಕಳು ಮುಷ್ಟಿಗಟ್ಟಲೆ ಹಾಕುವ ಆಹಾರ, ಇವೇ ಅದನ್ನು ಬೆಳೆಸುವುದು. ಲೈಟ್ ದಿನಕ್ಕೆ 6ರಿಂದ 8 ಗಂಟೆ ಸಾಕು. ಆಹಾರ ಎರಡು ನಿಮಿಷದಲ್ಲಿ ಮುಗಿಯುವಷ್ಟು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಕೆಟ್‌ನಲ್ಲಿ ಇಟ್ಟಿರಿ. ಗಾಜನ್ನು ಸೋಪಿಲ್ಲದ ಸ್ಪಂಜಿನಿಂದ ನೀವೇ ಉಜ್ಜಿ, ಐದು ನಿಮಿಷದ ಕೆಲಸ. ಇಷ್ಟಾದ ಮೇಲೂ ಪಾಚಿ ತಿನ್ನುವ ಜೀವಿ ಬೇಕೆಂದರೆ ಬ್ರಿಸಲ್‌ನೋಸ್ ಉಂಟು. ಸಕ್ಕರ್ ಕುಲದ್ದೇ, ಆದರೆ ನಾಲ್ಕೈದು ಇಂಚಿಗೆ ನಿಲ್ಲುತ್ತದೆ. 50 ಲೀಟರಿಗೆ ಅದೂ ಇಕ್ಕಟ್ಟೇ, ಮೂರಡಿ ಟ್ಯಾಂಕ್ ಇದ್ದರೆ ಒಳ್ಳೆಯದು. ಸಣ್ಣ ಟ್ಯಾಂಕಿಗೆ ನೆರೈಟ್ ಬಸವನಹುಳು ಸಾಕು, ಗಡಸು ನೀರಿನಲ್ಲಿ ಅದರ ಚಿಪ್ಪು ಗಟ್ಟಿಯಾಗಿರುತ್ತದೆ, ಸಿಹಿನೀರಿನಲ್ಲಿ ಮರಿಯೂ ಆಗುವುದಿಲ್ಲ. ಮೊಲಿ ಸಹ ಪಾಚಿ ಮೇಯುತ್ತದೆ. ಚೈನೀಸ್ ಆಲ್ಗೀ ಈಟರ್ ಮಾತ್ರ ಬೇಡ, ದೊಡ್ಡದಾದಂತೆ ಉಳಿದ ಮೀನುಗಳನ್ನು ಅಟ್ಟಾಡಿಸುತ್ತದೆ.

ಹೊಸ ಟ್ಯಾಂಕ್ ತಂದ ದಿನವೇ ಇಪ್ಪತ್ತು ಮೀನು ಬಿಟ್ಟರೆ ವಾರದೊಳಗೆ ಅರ್ಧ ಸಾಯುವುದು ಮಾಮೂಲು. ಹಿಕ್ಕೆಯಿಂದ ಬರುವ ಅಮೋನಿಯಾ ವಿಷ. ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಮೊದಲು ಎರಡು ಮೂರು ಮೀನು ಬಿಟ್ಟು ಕಾಯಿರಿ. ಮಕ್ಕಳಿಗೆ ಇದನ್ನು ಒಪ್ಪಿಸುವುದೇ ಕಷ್ಟದ ಕೆಲಸ!

ಕೆರೆಯ ಮಾತು ಉಳಿಯಿತು. ಬೆಂಗಳೂರಿನ ಕೆರೆಗಳಲ್ಲಿ, ಕೇರಳ, ತಮಿಳುನಾಡಿನಲ್ಲಿ ಈ ಸಕ್ಕರ್ ಈಗಾಗಲೇ ತುಂಬಿಕೊಂಡಿದೆ. ಆಂಧ್ರದಲ್ಲಿ ಡೆವಿಲ್ ಫಿಶ್ ಅಂತಲೇ ಕರೀತಾರೆ. ದಂಡೆಯಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ, ಅದರ ಮುಳ್ಳು ಬಲೆಯನ್ನು ಹರಿಯುತ್ತದೆ, ತಿನ್ನಲಿಕ್ಕೆ ಯಾರೂ ಕೊಳ್ಳುವುದಿಲ್ಲ. ಇಲ್ಲಿಯ ವರದಾ ನದಿ ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತದೆ, ಒಂದು ಕಡೆ ಬಿಟ್ಟದ್ದು ಅಲ್ಲೇ ಉಳಿಯುವುದಿಲ್ಲ. ಆ ನೀರಿನ ಮೀನು ಹಿಡಿದೇ ಬದುಕುವ ಮನೆಗಳು ದಂಡೆಯುದ್ದಕ್ಕೂ ಉಂಟು.

ಇಷ್ಟೆಲ್ಲ ಹೇಳಿದ ಮೇಲೆ ಬ್ಯಾಡಗಿಯವರು ರಾಣೆಬೆನ್ನೂರಿನ ಪರಿಚಯದವರೊಬ್ಬರ ಆರಡಿ ಟ್ಯಾಂಕಿಗೆ ಸಕ್ಕರನ್ನು ಕೊಟ್ಟು ಬಂದರು. ದಾರಿಯುದ್ದಕ್ಕೂ ಬಕೆಟ್ ಹಿಡಿದು ಕೂತದ್ದು ಚಿಕ್ಕವಳು. ಏಂಜೆಲ್ ಒಂದೇ ಉಳಿದಿದೆ. ಪ್ಲ್ಯಾಟಿ ಯಾವಾಗ ತರುವುದು ಅಂತ ವಾರಕ್ಕೆರಡು ಸಲ ನನಗೆ ಫೋನ್ ಬರ್ತದೆ.