ಲಿಪೊಪ್ರೋಟೀನ್ ರಕ್ತಪರೀಕ್ಷೆಯ ಫಲಿತಾಂಶ

ಲಿಪೊಪ್ರೋಟೀನ್ ರಕ್ತಪರೀಕ್ಷೆ ಅಥವಾ ಲಿಪಿಡ್ ಪ್ರೊಫೈಲ್ ಎಂಬುದು ರಕ್ತದಲ್ಲಿರುವ ಕೊಬ್ಬಿನ ಅಂಶಗಳನ್ನು ಅಳೆದು, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವನ್ನು ಅಂದಾಜು ಮಾಡಲು ನೆರವಾಗುವ ಪರೀಕ್ಷೆ. ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಅದು ಪ್ರೋಟೀನಿನೊಡನೆ ಕೂಡಿದ ಸೂಕ್ಷ್ಮ ಕಣಗಳ ರೂಪದಲ್ಲಿ ರಕ್ತದಲ್ಲಿ ಸಂಚರಿಸುತ್ತದೆ. ಈ ಕಣಗಳನ್ನು ಲಿಪೊಪ್ರೋಟೀನ್ ಎನ್ನುತ್ತಾರೆ. ಭಾರತದ ಪ್ರಯೋಗಾಲಯಗಳು ಇವುಗಳ ಪ್ರಮಾಣವನ್ನು ಸಾಮಾನ್ಯವಾಗಿ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂದು ನಮೂದಿಸುತ್ತವೆ. ಈ ಲೇಖನದ ಅಂಕಿಗಳು ಅದೇ ಮಾನದಲ್ಲಿವೆ.

ವರದಿಯ ಅಂಶಗಳು

ಎಲ್‌ಡಿಎಲ್ ಕಣಗಳು ಕೊಲೆಸ್ಟರಾಲನ್ನು ದೇಹದ ಅಂಗಾಂಶಗಳಿಗೆ ಒಯ್ಯುತ್ತವೆ. ಇವು ಹೆಚ್ಚಾದಾಗ ಅಪಧಮನಿಯ ಗೋಡೆಯೊಳಗೆ ಸೇರಿ ರಕ್ತದ ಹಾದಿಯನ್ನು ಕಿರಿದಾಗಿಸುತ್ತವೆ. ಎಚ್‌ಡಿಎಲ್ ಕಣಗಳು ಕೊಲೆಸ್ಟರಾಲನ್ನು ಮರಳಿ ಯಕೃತ್ತಿಗೆ ಸಾಗಿಸುತ್ತವೆ. ಎಚ್‌ಡಿಎಲ್ ಪುರುಷರಲ್ಲಿ 40ಕ್ಕಿಂತ, ಸ್ತ್ರೀಯರಲ್ಲಿ 50ಕ್ಕಿಂತ ಕಡಿಮೆಯಿದ್ದರೆ ಅದನ್ನು ಕೊರತೆಯೆಂದು ಪರಿಗಣಿಸಲಾಗುತ್ತದೆ. ಟ್ರೈಗ್ಲಿಸರೈಡ್ 150ಕ್ಕಿಂತ ಕಡಿಮೆಯಿರಬೇಕು. ಮದ್ಯ, ಸಕ್ಕರೆ ಹಾಗೂ ಬೆಳಗಾವಿಯ ಕುಂದಾದಂತಹ ಸಿಹಿತಿನಿಸುಗಳ ಅತಿಸೇವನೆಯಿಂದ ಇದು ಏರುತ್ತದೆ.

ಒಟ್ಟು ಕೊಲೆಸ್ಟರಾಲ್ ಮತ್ತು ತಪ್ಪು ನೆಮ್ಮದಿ

ಒಟ್ಟು ಕೊಲೆಸ್ಟರಾಲ್ 200ಕ್ಕಿಂತ ಕಡಿಮೆಯಿದ್ದರೆ ವರದಿ ಸಹಜವೆಂದು ಭಾವಿಸುವುದು ರೂಢಿ. ಆದರೆ ಈ ಸಂಖ್ಯೆಯಲ್ಲಿ ಹಾನಿಕರ ಮತ್ತು ಹಿತಕರ ಕಣಗಳೆರಡೂ ಸೇರಿರುತ್ತವೆ. ಉದಾಹರಣೆಗೆ, ಒಬ್ಬ ಪುರುಷನ ಒಟ್ಟು ಕೊಲೆಸ್ಟರಾಲ್ 190, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 200 ಎಂದಿಟ್ಟುಕೊಳ್ಳಬಹುದು. 1972ರಲ್ಲಿ ಪ್ರಕಟವಾದ ಫ್ರೀಡ್‌ವಾಲ್ಡ್ ಸೂತ್ರದಂತೆ ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗವಾದ 40 ವಿಎಲ್‌ಡಿಎಲ್ ಪ್ರಮಾಣವಾಗುತ್ತದೆ. 190ರಿಂದ 34 ಮತ್ತು 40ನ್ನು ಕಳೆದರೆ ಎಲ್‌ಡಿಎಲ್ 116 ಆಗುತ್ತದೆ. ಎಚ್‌ಡಿಎಲ್ ಒಂದನ್ನೇ ಕಳೆದರೆ ಉಳಿಯುವ 156 ‘ನಾನ್-ಎಚ್‌ಡಿಎಲ್’ ಆಗಿದ್ದು, ಹಾನಿಕರ ಕಣಗಳೆಲ್ಲವೂ ಹೊತ್ತಿರುವ ಕೊಲೆಸ್ಟರಾಲನ್ನು ಅದು ಸೂಚಿಸುತ್ತದೆ. ಟ್ರೈಗ್ಲಿಸರೈಡ್ 400ನ್ನು ಮೀರಿದಾಗ ಈ ಸೂತ್ರ ಅನ್ವಯಿಸುವುದಿಲ್ಲ.

ಗುರಿಗಳು

ಕಾರ್ಡಿಯೊಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಕಡಿಮೆ ಅಪಾಯವುಳ್ಳವರಲ್ಲಿ ಎಲ್‌ಡಿಎಲ್ 100ಕ್ಕಿಂತ ಮತ್ತು ನಾನ್-ಎಚ್‌ಡಿಎಲ್ 130ಕ್ಕಿಂತ ಕಡಿಮೆಯಿರಬೇಕು. ಮಧುಮೇಹ ಅಥವಾ ಅಧಿಕ ರಕ್ತದೊತ್ತಡದಂತಹ ಕಾರಣಗಳಿಂದ ಹೆಚ್ಚಿನ ಅಪಾಯವುಳ್ಳವರಲ್ಲಿ ಎಲ್‌ಡಿಎಲ್ ಗುರಿ 70ಕ್ಕಿಂತ ಕಡಿಮೆ. ಈಗಾಗಲೇ ಹೃದಯಾಘಾತ ಅಥವಾ ಪಾರ್ಶ್ವವಾಯುವಿಗೆ ಒಳಗಾದವರಲ್ಲಿ ಅದು 55ಕ್ಕಿಂತ ಕಡಿಮೆ. ಹೀಗೆ ಒಂದೇ ಸಂಖ್ಯೆ ಬೇರೆಬೇರೆ ವ್ಯಕ್ತಿಗಳಲ್ಲಿ ಬೇರೆಬೇರೆ ಅರ್ಥವನ್ನು ಪಡೆಯುತ್ತದೆ.

ಬೆಂಗಳೂರಿನ ಅಧ್ಯಯನ

ಲಿಪಿಡ್ ವರದಿಯೊಂದರಿಂದಲೇ ಅಪಾಯವನ್ನು ನಿರ್ಣಯಿಸಲಾಗದು ಎಂಬುದಕ್ಕೆ ಬೆಂಗಳೂರಿನಲ್ಲಿ ನಡೆದು, 1996ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ನಿದರ್ಶನವಾಗಿದೆ. ಪ್ರೇಮ್ ಪೈಸ್ ಮತ್ತು ಸಂಗಡಿಗರು ಮೊದಲ ಬಾರಿ ಹೃದಯಾಘಾತಕ್ಕೊಳಗಾದ 200 ಮಂದಿಯನ್ನು ಅದೇ ವಯಸ್ಸಿನ ಇತರ 200 ಮಂದಿಯೊಡನೆ ಹೋಲಿಸಿದರು. ಧೂಮಪಾನ, ರಕ್ತದೊತ್ತಡ, ರಕ್ತದ ಸಕ್ಕರೆ ಮತ್ತು ಹೊಟ್ಟೆಯ ಬೊಜ್ಜು ಹೃದಯಾಘಾತದೊಡನೆ ಸಂಬಂಧ ತೋರಿದವು. ಲಿಪಿಡ್ ಪ್ರೊಫೈಲ್ ತೋರಲಿಲ್ಲ. ಇದರಿಂದ ಕೊಲೆಸ್ಟರಾಲ್ ನಿರಪಾಯಕಾರಿ ಎಂದು ತೀರ್ಮಾನಿಸಲಾಗದು. ಭಾರತವೂ ಸೇರಿದಂತೆ 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನವು 2004ರಲ್ಲಿ ಹಾನಿಕರ ಕಣಗಳ ಸಂಖ್ಯೆಯನ್ನು ಸೂಚಿಸುವ ಅಪೊಬಿ ಮತ್ತು ಎಚ್‌ಡಿಎಲ್‌ನ ಮುಖ್ಯ ಪ್ರೋಟೀನಾದ ಅಪೊಎ1ರ ಅನುಪಾತವನ್ನು ಧೂಮಪಾನದೊಂದಿಗೆ ಅತಿ ಪ್ರಬಲ ಅಪಾಯಗಳ ಸಾಲಿನಲ್ಲಿ ಗುರುತಿಸಿತು.

ಲಿಪೊಪ್ರೋಟೀನ್(ಎ)

ಎಲ್‌ಡಿಎಲ್ ಅನ್ನು ಹೋಲುವ ಈ ಕಣದ ಪ್ರಮಾಣ ಬಹುಮಟ್ಟಿಗೆ ಆನುವಂಶಿಕ. ಇದು 50ನ್ನು ಮೀರಿದರೆ ಅಪಾಯ ಹೆಚ್ಚು. ಸಾಮಾನ್ಯ ಲಿಪಿಡ್ ಪ್ರೊಫೈಲಿನಲ್ಲಿ ಇದು ಸೇರಿರುವುದಿಲ್ಲವಾದ್ದರಿಂದ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಬಹುತೇಕರಿಗೆ ಜೀವಮಾನದಲ್ಲಿ ಒಮ್ಮೆ ಪರೀಕ್ಷಿಸಿದರೆ ಸಾಕು. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ಈ ಪರೀಕ್ಷೆಗೆ ವಿಶೇಷ ಮಹತ್ವವಿದೆ.

ಗಮನಿಸಬೇಕಾದ ಅಂಶಗಳು

ಮೊದಲ ಪರೀಕ್ಷೆಗೆ ಉಪವಾಸ ಕಡ್ಡಾಯವಲ್ಲ. ಟ್ರೈಗ್ಲಿಸರೈಡ್ ಬಹಳ ಹೆಚ್ಚಿದ್ದರೆ ಉಪವಾಸವಿದ್ದು ಮರುಪರೀಕ್ಷೆ ಮಾಡಿಸಲಾಗುತ್ತದೆ. ತೀವ್ರ ಅನಾರೋಗ್ಯದಲ್ಲಿ ಎಲ್‌ಡಿಎಲ್ ತಾತ್ಕಾಲಿಕವಾಗಿ ಇಳಿಯಬಹುದು. ಗರ್ಭಾವಸ್ಥೆಯಲ್ಲಿ ಹಾಗೂ ಥೈರಾಯ್ಡ್ ಕೊರತೆಯಲ್ಲಿ ಏರಬಹುದು. ಸ್ಟ್ಯಾಟಿನ್ ಮಾತ್ರೆ ಸೇವಿಸುವವರ ಎಲ್‌ಡಿಎಲ್ ಗುರಿ ತಲುಪಿದ್ದರೆ ಅದು ಔಷಧದ ಫಲವೇ ಹೊರತು ಔಷಧ ಇನ್ನು ಬೇಡವೆಂಬ ಸೂಚನೆಯಲ್ಲ. ಮಾತ್ರೆ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅದು ಮತ್ತೆ ಏರುತ್ತದೆ. ಆದ್ದರಿಂದ ವೈದ್ಯರನ್ನು ಕೇಳದೆ ಔಷಧವನ್ನು ನಿಲ್ಲಿಸಬಾರದು.